ಮಾಳಿಗೆಯ ಮೇಲಿನ ಕಂಬ

ಶಲವಡಿ
ಗುರುವಾರ, 21-4-1988

ಜೀವದ ಗೆಳತಿ ರಜಿಯಾ,

ನೀನು ಆರಾಮ ಇದ್ದೀ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಾನೂ ಆರಾಮ ಎಂದು ಬರೆದರೆ ಸುಳ್ಳಾಗುತ್ತದೆ.

ನಿನ್ನ ಕಾರ್ಡು ಬಂದು ಹದಿನೈದು ದಿನವಾಯಿತು. ಮಕ್ಕಳ ಸಾಲೆ, ಗದಗಿನ ನೀರಿನ ತ್ರಾಸು, ನಿನ್ನ ಮೊಣಕಾಲು ನೋವು ಎಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೀ. ನಿನ್ನ ಯಜಮಾನರು ಇಮಾಮುದ್ದೀನಣ್ಣ ಮೊನ್ನೆ ಊಟ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿ, "ಮುದಕಪ್ಪಗ ಅಲ್ಲೆ ಕಂಬ ಹಾಕು ಅಂತ ನಾನ ಹೇಳಿದ್ನೇನು?" ಎಂದು ನಿನ್ನನ್ನೇ ಕೇಳಿದರಂತೆ. ಆ ಸಾಲು ಓದಿದಾಗಿನಿಂದ ನನಗೆ ರೊಟ್ಟಿ ಇಳಿಯುತ್ತಿಲ್ಲ. ಊರು ಒಂದು ಮಾತು ಅಂದಿತು, ಅವರು ಊರು ಬಿಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಈಗ ಊರಿನ ಮಾತನ್ನು ಅವರೇ ನಂಬತೊಡಗಿದ್ದಾರೆ. ಇಮಾಮುದ್ದೀನಣ್ಣ ಹಾಗೆ ಹೇಳಿರಲಿಲ್ಲ. ಅದು ನನಗೆ ಗೊತ್ತು. ಹೇಗೆ ಗೊತ್ತು ಎಂಬುದನ್ನು ಬರೆಯುವ ಧೈರ್ಯ ಬರಲು ಹದಿನೈದು ದಿನ ಬೇಕಾಯಿತು.

ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದೆ. ಆದರೂ ಓದು, ಗೊತ್ತಿಲ್ಲದ್ದು ನಡುವೆ ಬರುತ್ತದೆ.

ಎಂಬತ್ನಾಲ್ಕರ ಕೊನೆಗೆ ನಿಮ್ಮ ರೇಡಿಯೋ ದುರಸ್ತಿ ಅಂಗಡಿಗೆ ಹುಬ್ಬಳ್ಳಿಯಿಂದ ಆ ಹಳೆಯ ಟಿ.ವಿ. ಬಂತಲ್ಲ, ನೆನಪಿದೆಯಾ? ಕಬ್ಬಿಣದ ಪೈಪಿಗೆ ಪೈಪು ಬೆಸೆದು, ತುದಿಗೆ ಆಂಟೆನಾ ಕಟ್ಟಿ, ನಾಲ್ಕು ಕಡೆ ತಂತಿ ಎಳೆದು ಇಮಾಮುದ್ದೀನಣ್ಣ ಒಂದು ವಾರ ಮಾಳಿಗೆಯ ಮೇಲೇ ಇದ್ದರು. ನೀನು ಕೆಳಗಿನಿಂದಲೇ ಊಟದ ಬುತ್ತಿ ಎತ್ತಿ ಕೊಡುತ್ತಿದ್ದಿ. ಪರದೆಯ ತುಂಬ ಹಿಟ್ಟು ಜರಡಿ ಹಿಡಿದಂತೆ ಬಿಳಿಯ ಚುಕ್ಕೆ. ಎಂಟನೆಯ ದಿನ ಆ ಹಿಟ್ಟಿನೊಳಗಿಂದ ವಾರ್ತೆ ಓದುವವಳ ಮುಖ ಮೂಡಿದಾಗ ಅವರು ಕಣ್ಣೀರು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಊರೆಲ್ಲ ನಿಮ್ಮ ಅಂಗಳಕ್ಕೆ ಬಂತು. ಎರಡು ವರ್ಷ ಬಂತು. ಕುಳಿತಿತು, ನೋಡಿತು, ಸೆರಗು ಝಾಡಿಸಿಕೊಂಡು ಎದ್ದು ಹೋಯಿತು. ಒಬ್ಬರಾದರೂ ಟಿ.ವಿ. ಕೊಂಡರೇ? ಹುಬ್ಬಳ್ಳಿಯ ಅಂಗಡಿಯವನು ಅವರಿಗೆ ಹೇಳಿದ್ದನಂತೆ, "ಊರಿಗೊಬ್ಬ ನಿನ್ನಂಥ ಹುಚ್ಚ ಇದ್ರ ಸಾಕಪಾ, ಉಳದಾವ್ರು ತಾವ ಬರ್ತಾರ." ಇಮಾಮುದ್ದೀನಣ್ಣ ಅದನ್ನು ವೇದವಾಕ್ಯದಂತೆ ನಂಬಿದ್ದರು. ಬಂದವರಿಗೆಲ್ಲ ಹಿಂದಿನ ಮುಚ್ಚಳ ತೆಗೆದು ಒಳಗಿನ ಗಾಜಿನ ಕೊಳವೆ, ತಂತಿ, ಪಕ್ಕದಲ್ಲಿಟ್ಟ ಸಿಗ್ನಲ್ಲು ಹೆಚ್ಚಿಸುವ ಬೂಸ್ಟರು ತೋರಿಸುತ್ತಿದ್ದರು. ಅವರು ತೋರಿಸಿದಷ್ಟೂ ಜನ ಹಿಂದೆ ಸರಿದರು. ನಮ್ಮ ಮನೆಯವರೂ ಅಂದಿದ್ದರು, "ಅದನ್ನ ಸಂಭಾಳಿಸಾಕ ಇಮಾಮನ ಬೇಕು. ನಮ್ಮಂಥಾವ್ರ ಕೆಲಸಲ್ಲ ಅದು." ನಿನ್ನೆದುರಿಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಊರಿಗೆ ಅದು ಮನರಂಜನೆ, ಅವರು ಮಾತ್ರ ಹುಚ್ಚ.

ಎಂಬತ್ತಾರರ ದೀಪಾವಳಿಗೆ ನಮ್ಮ ಮನೆಗೆ ಟಿ.ವಿ. ಬಂತು. ತಂದದ್ದು ನನ್ನ ಹಟಕ್ಕೆ. ನಮ್ಮ ಅತ್ತೆ ಲಕ್ಷ್ಮವ್ವ ಬೇರೆಯವರ ಅಂಗಳದಲ್ಲಿ ಕುಳಿತು ನೋಡುವವರಲ್ಲ ಎಂಬುದು ನಾನು ಹೇಳಿದ ನೆಪ. ನಿಜವೆಂದರೆ ನನಗೇ ಬೇಕಾಗಿತ್ತು. ನಿಮ್ಮ ಅಂಗಳದಲ್ಲಿ ನೂರು ತಲೆಗಳ ಹಿಂದೆ ನಿಂತು ನೋಡಿ ನೋಡಿ ಸಾಕಾಗಿತ್ತು.

ಅತ್ತೆ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದರು, ಶುಕ್ರವಾರ ಅರಿಷಿಣ ಕುಂಕುಮ ಹಚ್ಚಿದರು. ಊರ ಅರ್ಧ ಕೂಸುಗಳ ಹೆರಿಗೆ ಮಾಡಿಸಿದ ಕೈ ಅದು. ಗುಂಡಿ ತಿರುವಲು ಕಲಿತದ್ದು ಎರಡೇ ದಿನದಲ್ಲಿ. ಒಳಗೆ ಏನಿದೆ ಎಂದು ಅವರು ಕೇಳಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಬಂದ ಹೆಂಗಸರಿಗೆ ಅವರು ಹೇಳಿದ್ದು ಇಷ್ಟೇ: "ಏನೂ ಇಲ್ಲ ಬೇ, ದೀಪಾ ಹಚ್ಚಿಧಂಗ. ತಿರುವಿದ್ರ ಆತು." ರಜಿಯಾ, ನಿನ್ನ ಗಂಡ ಎರಡು ವರ್ಷ ಹೇಳಿ ಆಗದ್ದು ಆ ಒಂದು ಮಾತಿನಿಂದ ಆಯಿತು. ಲಕ್ಷ್ಮವ್ವನ ಮನೆಗೇ ಬಂದ ಮೇಲೆ ಇನ್ನೇನು ಭಯ ಎಂದರು. ರವಿವಾರ ಮುಂಜಾನೆಯ ದೇವರ ಕಥೆ ಶುರುವಾದದ್ದೂ ಅದೇ ಸಮಯಕ್ಕೆ. ಯುಗಾದಿಯ ಹೊತ್ತಿಗೆ ಇಪ್ಪತ್ತೇಳು ಮನೆಗಳ ಮೇಲೆ ಕಂಬ ಎದ್ದಿದ್ದವು. ಹುಬ್ಬಳ್ಳಿಯವನ ಮಾತು ನಿಜವಾಯಿತು ಎಂದು ಇಮಾಮುದ್ದೀನಣ್ಣ ಹಿಗ್ಗಿದರು. ಅದು ನಿಜವಾಗಿರಲಿಲ್ಲ. ಜನ ಅವರನ್ನು ನೋಡಲು ಬಂದಿದ್ದರು, ನಡೆದದ್ದು ನಮ್ಮ ಅತ್ತೆಯ ಹಿಂದೆ.

ಇದನ್ನು ಇಷ್ಟು ಉದ್ದ ಯಾಕೆ ಬರೆದೆ ಎಂದರೆ, ಮುಂದಿನ ಅನಾಹುತವೂ ಇದೇ ದಾರಿಯಲ್ಲಿ ಬಂತು.

ಯಾವ ಮನೆಯ ಕಂಬಕ್ಕೂ ಇಮಾಮುದ್ದೀನಣ್ಣನದು ಒಂದೇ ಕಟ್ಟಳೆ. ಮಾಳಿಗೆ ಹತ್ತಿದವರೇ ಮೊದಲು ಸುತ್ತ ನೋಡುತ್ತಿದ್ದರು. "ಕಂಬ ಎಲ್ಲಿ ನಿಲ್ಲತೈತಿ ಅನ್ನೂದಲ್ಲ ತಂಗೀ, ಬಿದ್ರ ಎಲ್ಲಿ ಬೀಳತೈತಿ ಅನ್ನೂದನ್ನ ಮೊದಲ ನೋಡಬೇಕು" ಎನ್ನುತ್ತಿದ್ದರು. ನಮ್ಮ ಓಣಿಯ ಉದ್ದಕ್ಕೂ ಮನೆಗಳ ಮುಂದೆ ಕರೆಂಟಿನ ದೊಡ್ಡ ಲೈನು ಹೋಗಿದೆ. ಹಾಗಾಗಿ ನಮ್ಮ ಮನೆಗೆ ಹಿತ್ತಲ ಕಡೆಗೇ ಕಂಬ ಹಾಕಿಕೊಟ್ಟರು. ಅಲ್ಲಿ ಬಾಜೂಕಿನ ಹತ್ತಿ ಗೋದಾಮು ಅಡ್ಡ. ಚಿತ್ರ ನೀರಿನಲ್ಲಿ ಅಲುಗಾಡಿದಂತೆ ಬರುತ್ತಿತ್ತು. ದೇವರ ಮುಖ ಎರಡಾಗಿ ಕಾಣುತ್ತಿತ್ತು. ಮುಂದಿನ ಮೂಲೆಗೆ ಸರಿಸಿಕೊಡಿ ಎಂದು ನಾನೇ ಮೂರು ಸಲ ಕೇಳಿದೆ. ಮೂರು ಸಲವೂ ಆಗುವುದಿಲ್ಲ ಎಂದರು. ಮೂರನೆಯ ಸಲ ಸಿಟ್ಟಿಗೆದ್ದರು.

ಇನ್ನು ಬರೆಯುವುದು ನಿನಗೆ ಗೊತ್ತಿಲ್ಲದ್ದು.

ಕಳೆದ ವರ್ಷ ಏಪ್ರಿಲ್‌ನಲ್ಲಿ, ಊರ ಮಂದಿ ಅಣ್ಣಿಗೇರಿ ಸಂತೆಗೆ ಹೋದ ಒಂದು ಮಧ್ಯಾಹ್ನ, ನಾವು ಆ ಕಂಬವನ್ನು ಮುಂದಿನ ಮೂಲೆಗೆ ಸರಿಸಿದೆವು. ನಮ್ಮ ಮನೆಯವರು, ಸುಗ್ಗಿಗೆಂದು ತಂಬೂರು ಎಂಬ ಊರಿನಿಂದ ಬಂದಿದ್ದ ಇಬ್ಬರು ಆಳುಗಳು, ನಾನು. ಬೇಡವೆಂದು ನಮ್ಮ ಮನೆಯವರು ಎರಡು ದಿನ ತಡೆದಿದ್ದರು. ಹಟ ಹಿಡಿದವಳು ನಾನು. ಒಳಗೆ ಟಿ.ವಿ. ಮುಂದೆ ನಿಂತು ಹೇಳುತ್ತಿದ್ದವಳೂ ನಾನೇ. "ಇನ್ನೊಂದೀಟು... ಇನ್ನೊಂದೀಟು... ಬಂತು!" ಗಾಜಿನ ಹಾಗೆ ಸ್ವಚ್ಛ ಚಿತ್ರ ಬಂತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ನಗಬೇಡ.

ಆ ರವಿವಾರ ನಮ್ಮ ಮನೆಯ ಚಿತ್ರ ನೋಡಿದವರು ಸುಮ್ಮನಿರಲಿಲ್ಲ. ಯಾರು ಸರಿಸಿದರು ಎಂದು ಕೇಳಿದವರಿಗೆ ನಮ್ಮ ಮನೆಯವರು, "ಇಮಾಮನ, ಮತ್ಯಾರು?" ಎಂದುಬಿಟ್ಟರು. ಆಗ ಅದು ಸಣ್ಣ ಸುಳ್ಳು. ಇಮಾಮುದ್ದೀನಣ್ಣ ಹದಿನೈದು ದಿನ ಸಾಮಾನು ತರಲು ಹುಬ್ಬಳ್ಳಿ, ನವಲಗುಂದ ತಿರುಗುತ್ತಿದ್ದರು, ನಮ್ಮ ಓಣಿಗೆ ಬರಲೇ ಇಲ್ಲ. ಅಷ್ಟರಲ್ಲಿ ನಾಲ್ಕು ಮನೆಯವರು ತಾವೇ ಕಂಬ ಕಿತ್ತು ಓಣಿಯ ಕಡೆಗೆ ತಂದರು. ಅವರು ಹೇಳಿದ್ದನ್ನು ಯಾರೂ ಕೇಳಲಿಲ್ಲ, ನಾವು ಮಾಡಿದ್ದನ್ನು ಎಲ್ಲರೂ ಮಾಡಿದರು.

ಐದನೆಯವನು ಮುದಕಪ್ಪ. ಮೇ ಹತ್ತು, ರವಿವಾರ, ಮುಂಜಾನೆ ಒಂಬತ್ತೂವರೆಗೆ ಹತ್ತು ನಿಮಿಷ ಇತ್ತು. ಗಾಳಿ ಜೋರಾಗಿತ್ತು. ಕಥೆ ಶುರುವಾಗುವುದರೊಳಗೆ ಚಿತ್ರ ಸರಿ ಮಾಡಬೇಕೆಂದು ಮಾಳಿಗೆಯ ಮೇಲೆ ಒಬ್ಬನೇ ಕಂಬ ತಿರುವುತ್ತಿದ್ದ. ನಾನು ನಮ್ಮ ಕಟ್ಟೆಯ ಮೇಲಿದ್ದೆ. ಕಂಬ ವಾಲಿದ್ದು ಕಂಡಿತು. ಅದನ್ನು ಬಿಡಬೇಕಿದ್ದವನು ಬಿಡಲಿಲ್ಲ, ಹಿಡಿದು ಎಳೆಯಲು ನೋಡಿದ. ಕಂಬ ಲೈನಿನ ಮೇಲೆ ಬಿತ್ತು. ಗೋಣಿಚೀಲ ಹರಿದಂಥ ಒಂದು ಸದ್ದು. ಓಣಿಯ ಎಲ್ಲ ಟಿ.ವಿ.ಗಳೂ ಒಮ್ಮೆಲೇ ಆರಿದವು. ಅವನ ಹೆಂಡತಿ ಮೈಲಾರವ್ವ ಹೊರಗೆ ಓಡಿ ಬಂದು, ಏನಾಯಿತೆಂದು ತಿಳಿಯದೆ, ಮೊದಲು ನಮ್ಮನ್ನೇ ಕೇಳಿದಳು, "ಕರೆಂಟ ಹೋತೇನ್ರಿ?"

ಅವನ ಹೆಣ ಇಳಿಸುವುದರೊಳಗೇ ನಮ್ಮ ಮನೆಯವರು ನಮ್ಮ ಕಂಬ ಕಿತ್ತು ಹಿತ್ತಲಿಗೆ ಒಯ್ದಿದ್ದರು.

ಮಂಗಳವಾರ ಪಂಚರು ಕೂಡಿದಾಗ ನೀನು ಇರಲಿಲ್ಲ. ಇಮಾಮುದ್ದೀನಣ್ಣ ಹೇಳಿದರು, "ನಾ ಆ ಓಣ್ಯಾಗ ಮುಂದಿನ ಬಾಜೂ ಒಂದೂ ಕಂಬ ಹಾಕಿಲ್ರಿ. ಮುದಕಪ್ಪ ಹಿಂದಿನ ದಿನಾ ಬಂದು ಕೇಳಿದ್ದ. ಒಲ್ಲೆ ಅಂದೆ." ಮೈಲಾರವ್ವನನ್ನು ಕೇಳಿದರು. ಅವಳು ನೆಲ ನೋಡುತ್ತ, "ನನಗ ಗೊತ್ತಿಲ್ರಿ" ಎಂದಳು. ಆಮೇಲೆ ನಮ್ಮ ಮನೆಯವರನ್ನು ಕೇಳಿದರು, ಹೊಳೆಯಪ್ಪಾ, ನಿಮ್ಮ ಕಂಬ ಮುಂದಕ್ಕೆ ತಂದವರು ಯಾರು ಎಂದು. "ಇಮಾಮುದ್ದೀನನ ತಂದಿದ್ದು. ಅದರಾಗ ನಮಗೇನ ತಿಳಿತೈತ್ರಿ?" ಎಂದರು.

ನಿನ್ನ ಗಂಡ ಅವರ ಕಡೆ ನೋಡಲಿಲ್ಲ. ಹೆಂಗಸರ ಕಡೆ ತಿರುಗಿ ನನ್ನನ್ನು ನೋಡಿದರು. ಮೂರು ಸಲ ಅವರನ್ನು ಕೇಳಿದವಳು ನಾನಲ್ಲವೇ? ನಾನು ಬಾಯಿ ತೆರೆಯಬಹುದಿತ್ತು. ಸೆರಗು ಮುಂದಕ್ಕೆಳೆದುಕೊಂಡೆ.

ಮುದಕಪ್ಪನಿಗೆ ಅಲ್ಲಿ ಕಂಬ ಹಾಕಲು ಹೇಳಿದವರೂ ಅವರೇ ಎಂದು ಊರು ನಂಬಿತು. ಆಮೇಲೆ ನಿಮ್ಮ ಅಂಗಡಿಗೆ ಯಾರೂ ಬರಲಿಲ್ಲ. ಸಾಲೆಯಲ್ಲಿ ನಿನ್ನ ಮಕ್ಕಳಿಗೆ ಆಡಬಾರದ ಮಾತು ಆಡಿದರು. ನೀವು ಹೊರಡುವ ದಿನ ಬಸ್ಸಿನ ಹತ್ತಿರ ನಾನು ನಿನಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು, "ನೀ ಒಬ್ಬಾಕಿ ಇದ್ದಿ ನೋಡ ನಮ್ಮ ಪರವಾಗಿ" ಎಂದಿ. ಆ ಮಾತನ್ನು ನಾನು ಒಂದು ವರ್ಷದಿಂದ ಹೊತ್ತುಕೊಂಡಿದ್ದೇನೆ.

ಈಗಲೂ ಬರೆಯುತ್ತಿರಲಿಲ್ಲವೇನೋ. ನಿನ್ನ ಕಾರ್ಡು ಒಂದು ಕಾರಣ. ಇನ್ನೊಂದು ಕಾರಣ ಈ ವಾರದ್ದು. ನಮ್ಮ ಮನೆಗೆ ಬಣ್ಣದ ಟಿ.ವಿ. ಬಂದಿದೆ. ಹಿತ್ತಲಲ್ಲಿ ಬಣ್ಣ ನಿಲ್ಲುವುದಿಲ್ಲ. ನಮ್ಮ ಮನೆಯವರು ಸೋಮವಾರ ಕಂಬವನ್ನು ಮತ್ತೆ ಮುಂದಿನ ಮೂಲೆಗೆ ತಂದರು. ಬೇಡವೆಂದು ಕೈ ಹಿಡಿದೆ. "ಒಂದ ವರ್ಷ ಆತು, ಏನಾಗೇತಿ? ಅವಂದು ಆಯುಷ್ಯ ಮುಗದಿತ್ತು" ಎಂದರು. ಅತ್ತೆ ನಡುಮನೆಯಲ್ಲಿ ಕುಳಿತು, ವಾರ್ತೆ ಓದುವವಳ ಸೀರೆಯ ಬಣ್ಣ ಕಂಡು ಕೈಮುಗಿದರು. ಸಂಜೆಗೆ ನೋಡಲು ಬಂದ ಮಂದಿ ಚಿತ್ರಕ್ಕಿಂತ ಹೆಚ್ಚು ಹೊತ್ತು ಮಾಳಿಗೆಯನ್ನೇ ನೋಡುತ್ತ ನಿಂತಿದ್ದರು. ನಿನ್ನೆಯಿಂದ ಎರಡು ಮನೆಯವರು ಹಿತ್ತಲ ಕಡೆಯ ತಮ್ಮ ಕಂಬ ಬಿಚ್ಚತೊಡಗಿದ್ದಾರೆ. ಎಲ್ಲಿ ಬೀಳುತ್ತದೆ ಎಂದು ನೋಡುವವರು ಈಗ ಊರಲ್ಲಿ ಯಾರೂ ಇಲ್ಲ.

ಈ ಪತ್ರವನ್ನು ಇಮಾಮುದ್ದೀನಣ್ಣನಿಗೆ ಓದಿ ಹೇಳು. ಒಂದು ಸಲವಲ್ಲ, ಅವರು ನಂಬುವವರೆಗೆ ಓದು. ಅವರು ಹೇಳಿರಲಿಲ್ಲ. ಅವರು ಬೇಡವೆಂದರು. ಮಾಡಿದವರು ನಾವು, ಮಾಡಿಸಿದವಳು ನಾನು. ಇದನ್ನು ಯಾರಿಗೆ ಬೇಕಾದರೂ ತೋರಿಸು, ಕೆಳಗೆ ನನ್ನ ಹೆಸರಿದೆ. ನನ್ನನ್ನು ಕ್ಷಮಿಸು ಎಂದು ಬರೆಯಲು ಕೈ ಏಳುತ್ತಿಲ್ಲ. ಉತ್ತರ ಬರೆಯದಿದ್ದರೂ ನಡೆದೀತು. ಬಿಟ್ಟುಬಿಟ್ಟ ರೇಡಿಯೋ ಕೆಲಸವನ್ನು ಅವರು ಮತ್ತೆ ಮುಟ್ಟಿದ ದಿನ ಬರೀ ಅಷ್ಟನ್ನು ಒಂದು ಕಾರ್ಡಿನಲ್ಲಿ ಹಾಕು.

ನಿನ್ನ ಪರವಾಗಿ ಇರದೇ ಹೋದವಳು,
ರೇಣುಕಾ ಹೊಳೆಯಪ್ಪ

ತಾ.ಕ. ಶುಕ್ರವಾರ ಮಧ್ಯಾಹ್ನ. ಲಕೋಟೆ ಅಂಟಿಸುವ ಮೊದಲು ಮೈಲಾರವ್ವನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಾಳು ಹಸನ ಮಾಡುತ್ತಿದ್ದಳು, ಮೊರ ಕೆಳಗಿಡಲಿಲ್ಲ. "ನಿಮ್ಮ ಕಂಬ ಯಾರ ಸರಿಸಿದ್ರು ಅಂತ ನನಗ ಅವತ್ತ ಗೊತ್ತಿತ್ತು ಬೇ. ಇಮಾಮಣ್ಣ ಒಲ್ಲೆ ಅಂದದ್ದನ್ನೂ ಇವ್ರು ಮನಿಗೆ ಬಂದು ಹೇಳಿದ್ರು" ಎಂದಳು. ಮತ್ತೇಕೆ ಪಂಚರ ಮುಂದೆ ಹೇಳಲಿಲ್ಲ ಎಂದು ಕೇಳಿದೆ. ಮೊರದಿಂದ ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. "ಖರೇ ಹೇಳಿದ್ರ ಎಲ್ಲಾನೂ ಹೇಳಬೇಕಾಗ್ತಿತ್ತು. ಗಾಳಿ ಭಾಳ ಐತಿ, ಇಳೀತೀನಿ ಅಂತ ಇವ್ರು ಮ್ಯಾಲಿಂದ ಕೂಗಿದ್ರು. ಒಳಗ ನಿಂತು ಇನ್ನೊಂದೀಟು ತಿರುವ್ರಿ ಅಂದಾಕಿ ನಾನ" ಎಂದಳು.

ನಾವಿಬ್ಬರೂ ಪಂಚರ ಮುಂದೆ ನಿಲ್ಲುತ್ತೇವೆ. ಅವರು ಕೂಡುವುದು ಸೋಮವಾರವಂತೆ. ಅದಕ್ಕೂ ಮೊದಲು ರವಿವಾರವಿದೆ. ಈ ಸಾಲು ಬರೆಯುವಾಗ ಓಣಿಯಲ್ಲಿ ಮೂರು ಮಾಳಿಗೆಗಳ ಮೇಲೆ ಜನ ಹತ್ತಿದ್ದಾರೆ, ಗಾಳಿ ಎದ್ದಿದೆ. ಬೇಡವೆಂದು ಕೂಗಿ ಬಂದೆ. ಲಕ್ಷ್ಮವ್ವನ ಸೊಸೆಗೆ ತಲೆ ಕೆಟ್ಟಿದೆ ಎಂದು ಮೇಲಿನಿಂದ ನಕ್ಕರು.