ಖಾರ ತೊಳೆದ ಕೋಳಿ

ಹಮ್ರಿಯಾ, ಮಸ್ಕತ್,
12 ಮಾರ್ಚ್ 2023, ಭಾನುವಾರ

ದೀಕ್ಷಿತಾಳ ಪಪ್ಪನಿಗೆ,

ಇಲ್ಲೇ ಅಲ್ ಮಬೇಲಾದಲ್ಲಿ ಇರುವವರಿಗೆ ಕಾಗದ ಬರೆಯುವ ಹುಚ್ಚು ಇವಳಿಗೆ ಯಾಕೆ ಹಿಡಿಯಿತು ಎಂದು ನೀವು ನಗಬಹುದು. ನಗಿ. ಫೋನು ಮಾಡಿದರೆ ಮೂರನೇ ಮಾತಿಗೆ ಜಗಳ. ವಾಟ್ಸಾಪಿನಲ್ಲಾದರೆ ಒಂದು ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತೀರಿ. ತುಳುವಿನಲ್ಲಿ ಬೈದಾಡಿ ಬೈದಾಡಿ ನಮ್ಮಿಬ್ಬರಿಗೂ ಸಾಕಾಗಿದೆ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆದರೆ ಸ್ವಲ್ಪ ಮರ್ಯಾದೆಯಾದರೂ ಉಳಿದೀತು ಎಂದು ಕೂತಿದ್ದೇನೆ. ಕೋಪ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬರುವ ಗುರುವಾರ ನಾನೂ ದೀಕ್ಷಿತಾಳೂ ಊರಿಗೆ ಹೊರಡುವುದು ಖಂಡಿತ. ಪರೀಕ್ಷೆ ಮುಗಿಯಿತು, ಟಿ.ಸಿ. ಕೈಗೆ ಬಂತು, ಮನೆಯ ಸಾಮಾನು ಅರ್ಧ ಕಟ್ಟಿಯಾಯಿತು. ನೀವು ಬರುವುದಿಲ್ಲ ಎಂದಿರಿ. ಸಂಬಳ ಬಿಟ್ಟು ಬರುವ ಜನ ಅಲ್ಲ ಇವರು ಎಂದು ನಾನು ಗೆಳತಿ ರೋಸಳ ಎದುರಿಗೇ ಹಂಗಿಸಿದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ.

ಮೊನ್ನೆ ಶುಕ್ರವಾರದ ಕ್ಯಾಂಪಿಂಗ್ ನನಗೆ ಬೇಕಿರಲೇ ಇಲ್ಲ. ಹೋಗುವ ಮೊದಲು ಒಂದು ಸಲ ಅಮ್ಮ ಪಪ್ಪ ಇಬ್ಬರ ನಡುವೆ ಮಲಗಬೇಕೆಂದು ದೀಕ್ಷಿತಾಳದೇ ಹಟ. ರೋಸ್ ಮತ್ತು ಅವಳ ಗಂಡ ಸಿಪ್ರಿಯನ್ ಟೆಂಟು, ಇದ್ದಿಲು, ನೀರಿನ ಕ್ಯಾನು ಎಲ್ಲ ಹೊಂದಿಸಿ ಹೊರಡಿಸಿದರು. ಬರ್ಕಾ ದಾಟಿ ಒಳಗಿನ ಕಲ್ಲುಬಯಲಿಗೆ ಇಳಿದು, ಆ ಒಂಟಿ ಮಣ್ಣಿನ ಮನೆಯ ಎದುರು ಕಾರು ನಿಂತಾಗ, ಇದೆಂಥದು ಮಾರಾಯ್ರೆ, ಬೇರೆ ಜಾಗ ಸಿಗಲಿಲ್ಲವಾ ಎಂದು ಗೊಣಗಿದವಳು ನಾನೇ. ಜಾಗ ಹುಡುಕಿದ್ದು ನೀವು ಎಂದು ಸಿಪ್ರಿಯನ್ ಆಮೇಲೆ ಹೇಳಿದರು.

ಆ ಮನೆ ನೋಡಿಕೊಳ್ಳುವ ಅಜ್ಜ ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಕಥೆ ಹೇಳಿದರಲ್ಲ, ಅವರ ಅಜ್ಜ ಆಡು ಹೊಡೆದುಕೊಂಡು ಆ ಬಯಲಿಗೆ ಮೊದಲು ಬಂದು ನೆಲೆಸಿದವರಂತೆ. ಬಾವಿ ತೋಡಿ, ಖರ್ಜೂರ ನೆಟ್ಟು, ಮಣ್ಣಿಗೆ ಹುಲ್ಲು ಕಲಸಿ ಮನೆ ಎಬ್ಬಿಸಿದರಂತೆ. ಈಗ ಮೊಮ್ಮಕ್ಕಳೆಲ್ಲ ಪೇಟೆಯಲ್ಲಿ. ಆದರೂ ವರ್ಷ ವರ್ಷ ಗೋಡೆ ಮೆತ್ತುತ್ತಾರೆ, ಈದಿಗೆ ಬಂದು ಉಣ್ಣುತ್ತಾರೆ, ಉಳಿದ ದಿನ ನಮ್ಮಂಥವರು ನೋಡಲಿ ಎಂದು ತೆರೆದಿಡುತ್ತಾರೆ. ಇದನ್ನು ಯಾವತ್ತಾದರೂ ಬೀಳಿಸುತ್ತೀರಾ, ಮಾರುತ್ತೀರಾ ಎಂದು ನೀವು ಎರಡೆರಡು ಸಲ ಕೇಳಿದಿರಿ. ಅಜ್ಜ ನಕ್ಕು, ನಾವಿರುವ ತನಕ ಇಲ್ಲ, ನಮ್ಮ ಮಕ್ಕಳೂ ಬಿಡುವವರಲ್ಲ ಎಂದರು. ಕಟ್ಟಡದ ಕಂಪನಿಯಲ್ಲಿ ದುಡಿಯುವವರ ಬುದ್ಧಿ ಎಲ್ಲಿಗೆ ಹೋದೀತು ಎಂದುಕೊಂಡೆ ನಾನು.

ಆಮೇಲೆ ರೋಸ್ ಕೋಳಿ ಸುಕ್ಕದ ಪಾತ್ರೆ ತೆರೆದಳು. ನೀವು ಒಂದು ಬಟ್ಟಲು ನೀರು ಕೇಳಿ, ಎರಡು ತುಂಡು ತೆಗೆದು, ಮಸಾಲೆ ಹೋಗುವ ತನಕ ತೊಳೆದಿರಿ. ನನಗೆ ಸಿಟ್ಟು ಬಂತು. ಹೆಣ್ಣಿಗೆ ಹತ್ತು ವರ್ಷ ತುಂಬಿತು, ನನಗಿಂತ ಹೆಚ್ಚು ಖಾರ ತಿನ್ನುತ್ತದೆ, ಬೇರೆ ಮನೆ ಮಾಡಿದ ಮೇಲೆ ಮಗಳು ಏನು ತಿನ್ನುತ್ತಾಳೆ ಎನ್ನುವುದೂ ಮರೆತುಹೋಯಿತಾ ಎಂದು ಎಲ್ಲರೆದುರು ಕೇಳಿದೆ. ದೀಕ್ಷಿತಾ ಕೂಡ ಇಂಗ್ಲಿಷಿನಲ್ಲಿ ಅದನ್ನೇ ಹೇಳಿ ನಕ್ಕಳು. ನೀವು ಆ ಎರಡು ತುಂಡನ್ನು ಪೇಪರ್ ತಟ್ಟೆಗೆ ಹಾಕಿ ಕೈ ಒರೆಸಿಕೊಂಡಿರಿ. ಬಾಯಿ ಇದ್ದೂ ಮೂಗರ ಹಾಗೆ ಇರುವುದು ನಿಮಗೆ ಹೊಸತಲ್ಲ.

ಹೊತ್ತು ಮುಳುಗುವಾಗ ನೀವು ಕಾಣಲಿಲ್ಲ. ಲೈಟರ್ ನಿಮ್ಮ ಕಿಸೆಯಲ್ಲಿತ್ತು, ಅದಕ್ಕೇ ಹುಡುಕುತ್ತಾ ಆ ಮನೆಯ ಅಂಗಳಕ್ಕೆ ಬಂದೆ. ಒಳಕೋಣೆಯ ಬಾಗಿಲು ಹಾಕಿತ್ತು. ನೀವು ಚಪ್ಪಲಿ ಕಳಚಿಟ್ಟು, ಬಾಗಿಲ ಕಡೆ ಮುಖ ಮಾಡಿ, ಕೈಕಟ್ಟಿ ನಿಂತಿದ್ದಿರಿ. ಹಾಗೆ ನಿಲ್ಲುವುದು ಯಾವಾಗ ಎಂದು ತುಳುನಾಡಿನಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೀರಿಹೋದವರಿಗೆ ಬಡಿಸಿ, ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ನಿಲ್ಲುವುದು. ಅವರು ಉಂಡಾಯಿತು ಎನ್ನುವಾಗ ಒಮ್ಮೆ ಕೆಮ್ಮಿ, ಬಾಗಿಲು ಬಡಿದು, ಇನ್ನು ಎದ್ದು ಹೊರಡಿ ಎಂದು ತಿಳಿಸಿ ಒಳಗೆ ಹೋಗುವುದು. ಆ ಕಲ್ಲುಬಯಲಿಗೆ ನಿಮ್ಮ ಅಜ್ಜ ಅಜ್ಜಿಯರು ಉಣ್ಣಲು ಬರುವವರಲ್ಲ. ಖಾರ ತೊಳೆದದ್ದು ಯಾರಿಗೆ ಎಂದು ನನಗೆ ಆಗ ಗೊತ್ತಾಯಿತು.

ನಮ್ಮ ಮಗ ಕೀರ್ತು, ಮೂರು ವರ್ಷದ ಹಿಂದೆ ಜ್ವರ ಬಂದು ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. ಐದು ವರ್ಷದ ಕೂಸನ್ನು ಊರಿಗೆ ಒಯ್ಯಲೂ ಆಗದೆ ಈ ದೇಶದ ಮಣ್ಣಿಗೇ ಕೊಟ್ಟೆವು. ವರ್ಷ ತಿರುಗಿದಾಗ ನಾನು ನಿಮ್ಮ ಹತ್ತಿರ ಬೇರೇನೂ ಕೇಳಲಿಲ್ಲ. ಒಂದು ಎಲೆ ಹಾಕಿ ಅವನಿಗೆ ಬಡಿಸೋಣ ಎಂದೆ, ಅಷ್ಟೆ. ನೀವು ಊರಿಗೆ ಫೋನು ಮಾಡಿ ನಿಮ್ಮ ಸಂಕಪ್ಪ ಮಾವನನ್ನು ಕೇಳಿದಿರಿ. ಸಣ್ಣ ಮಕ್ಕಳಿಗೆ ಬಡಿಸುವುದಿಲ್ಲ ಎಂದರಂತೆ ಅವರು. ಫೋನು ಕೆಳಗಿಟ್ಟು ನೀವು ನನಗೆ ಹೇಳಿದ್ದು ಎರಡೇ ಶಬ್ದ: "ಕ್ರಮ ಇಲ್ಲ."

ಆ ಎರಡು ಶಬ್ದಕ್ಕೆ ನಾನು ನಿಮ್ಮನ್ನು ಕಲ್ಲು ಎಂದೆ. ಅವನ ಸೈಕಲ್ಲನ್ನು ವಾಚ್‌ಮನ್ನನ ಮಗುವಿಗೆ ಕೊಟ್ಟಾಗ ಊರಿಗೆ ಉಪಕಾರಿ, ಮನೆಗೆ ಮಾರಿ ಎಂದೆ. ಅವನು ಹುಟ್ಟಿದಂದಿನಿಂದ ನಿಮ್ಮನ್ನು ಕೀರ್ತುವಿನ ಪಪ್ಪ ಎಂದೇ ಕರೆದವಳು ನಾನು. ನನ್ನದು ಯಾಕಿಲ್ಲ ಎಂದು ದೀಕ್ಷಿತಾ ಮುನಿಸಿಕೊಂಡರೂ ಬಾಯಿಗೆ ಬರುತ್ತಿದ್ದದ್ದು ಅದೇ. ಅವತ್ತಿನಿಂದ ಆ ಹೆಸರಿನಿಂದ ಕರೆಯುವುದನ್ನು ನಿಲ್ಲಿಸಿದೆ. ನೀವು ಬಟ್ಟೆ ತುಂಬಿಕೊಂಡು ಹೋದಿರಿ, ನಾನು ತಡೆಯಲಿಲ್ಲ.

ಮೊನ್ನೆ ಸಂಜೆ ಅಂಗಳದ ಗೋಡೆಯ ಮರೆಯಲ್ಲಿ ನಿಂತು ನೋಡುತ್ತಿದ್ದೆ. ನೀವು ಬಾಗಿಲು ಬಡಿಯಲು ಕೈ ಎತ್ತಿದಿರಿ, ಇಳಿಸಿದಿರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿದಿರಿ. ಬಡಿದರೆ ಅವನು ಎದ್ದು ಹೋಗಬೇಕಲ್ಲ. ಅಜ್ಜ ಬೀಗದಕೈ ಹಿಡಿದು ಬಂದು, ಖಲಾಸ್ ಖಲಾಸ್, ಬೆಳಿಗ್ಗೆ ನೋಡಿ ಎಂದರು. ನೀವು ಪಕ್ಕಕ್ಕೆ ಸರಿದಿರಿ. ಅವರು ಬೀಗ ಹಾಕಿದರು. ಬಾಗಿಲು ಬಡಿಯದೇ ನೀವು ಹೊರಟು ಬಂದಿರಿ.

ನಿಮಗಿಂತ ಮೊದಲು ನಾನು ಓಡಿ ಬಂದು ಕೆಂಡ ಕೆದಕುತ್ತಾ ಕೂತೆ. ನಿಮ್ಮ ಕಣ್ಣು ಕೆಂಪಾಗಿತ್ತು. ಸಿಪ್ರಿಯನ್ ಕೇಳಿದ್ದಕ್ಕೆ ಹೊಗೆ ಎಂದಿರಿ. ಹೊಗೆ ಆಚೆ ದಿಕ್ಕಿಗೆ ಹೋಗುತ್ತಿತ್ತು. ಟೆಂಟಿನೊಳಗೆ ದೀಕ್ಷಿತಾ ನನ್ನ ಕೈ ಒಂದು, ನಿಮ್ಮ ಕೈ ಒಂದು ಹಿಡಿದು ಮಲಗಿದಳು. ಮೂವರೂ ನಿದ್ದೆ ಬಂದ ಹಾಗೆ ನಟಿಸಿದೆವು.

ನಿನ್ನೆ ಮನೆಗೆ ಬಂದ ಮೇಲೆ ಅವಳು ಹೇಳಿದಳು. ಆ ಕೋಣೆಯಲ್ಲಿ ಏನು ಮಾಡಿದಿರಿ ಎಂದು ನಿಮ್ಮನ್ನು ಕೇಳಿದಳಂತೆ. ನೀವು ಕೊಟ್ಟ ಉತ್ತರವನ್ನು ಅವಳು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ನಾನು ಕನ್ನಡದಲ್ಲಿ ಬರೆಯುತ್ತೇನೆ: "ಬಾಡಿಗೆ ಮನೆಗೆ ಅವನನ್ನು ಕರೆಯಬಾರದು ಮಗಾ. ನಾಳೆ ನಾವು ಮನೆ ಖಾಲಿ ಮಾಡಿ ಹೋದರೆ ಅವನು ಬಂದು ಬಾಗಿಲು ತಟ್ಟುತ್ತಾನೆ. ಬೇರೆ ಯಾರೋ ತೆಗೆಯುತ್ತಾರೆ."

ಎರಡು ವರ್ಷ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಿರಾ? ಹತ್ತು ವರ್ಷದ ಮಗುವಿಗೆ ಹೇಳಲು ಬಂದ ಮಾತು ಹೆಂಡತಿಗೆ ಹೇಳಲು ಬರಲಿಲ್ಲವಾ? ಕ್ರಮ ಇಲ್ಲ ಎನ್ನುವ ಬದಲು ಈ ಒಂದು ಮಾತು ಅಂದಿದ್ದರೆ, ದೇವರಾಣೆ, ಈ ಮಸ್ಕತ್ತಿನಲ್ಲೆಲ್ಲ ಕೆಡವದ ಮನೆ ಹುಡುಕಲು ನಿಮ್ಮ ಜೊತೆ ನಾನೂ ಅಲೆಯುತ್ತಿದ್ದೆ. ನಿಮ್ಮ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಹೆತ್ತವಳಿಗೆ ಬಾಗಿಲ ಹೊರಗೆ ನಿಲ್ಲಲೂ ಜಾಗ ಇಲ್ಲವಾ? ಇದೇ ನನ್ನ ಕೋಪ. ಬರೆಯುತ್ತಾ ಅಳುತ್ತಿದ್ದೇನೆ, ಅಕ್ಷರ ಕಲಸಿಹೋಗಿದ್ದರೆ ಹೊಂದಿಸಿಕೊಂಡು ಓದಿ.

ನೀವು ಈ ದೇಶ ಬಿಡದೇ ಇರುವುದು ಸಂಬಳಕ್ಕಲ್ಲ. ಅವನು ಇಲ್ಲಿರುವಾಗ ಒಬ್ಬರಾದರೂ ಇಲ್ಲಿ ಇರಬೇಕು ಎಂದು. ನನಗೆ ಅರ್ಥವಾಯಿತು. ಆದರೆ ನಾನು ಉಳಿಯಲಾರೆ. ಈ ಮನೆಯ ಮೆಟ್ಟಿಲು ಹತ್ತುವಾಗೆಲ್ಲ ಅವನ ಸೈಕಲ್ಲು ಇದ್ದ ಜಾಗ ಕಾಣುತ್ತದೆ. ದೀಕ್ಷಿತಾಳಿಗೆ ನಗುವ ಒಂದು ಮನೆ ಬೇಕು. ನಾನು ಹೋಗುತ್ತೇನೆ, ನೀವು ಇಲ್ಲಿ ಇರಿ. ಅವನ ಹತ್ತಿರ ಒಬ್ಬರು, ಅವಳ ಹತ್ತಿರ ಒಬ್ಬರು. ಇದಕ್ಕಿಂತ ಒಳ್ಳೆಯ ಪಾಲು ನನಗೆ ತೋಚುವುದಿಲ್ಲ.

ಒಂದು ಮಾತು ನಡೆಸಿಕೊಡಿ. ಇನ್ನು ಆ ಮನೆಯಲ್ಲಿ ಬಡಿಸುವಾಗ ನನಗೆ ಫೋನು ಮಾಡಿ. ಮಾತಾಡುವುದು ಬೇಡ, ಬಾಗಿಲ ಹತ್ತಿರ ಹಿಡಿದು ನಿಂತರೆ ಸಾಕು. ನಿಮ್ಮಿಂದ ಬಡಿಯಲು ಆಗುವುದಿಲ್ಲ ಎಂದು ನೋಡಿದ್ದೇನೆ. ಊರಿನಿಂದ ನಾನು ಕೆಮ್ಮುತ್ತೇನೆ. ಅಮ್ಮನ ಕೆಮ್ಮು ಅವನಿಗೆ ಗುರುತು ಸಿಗುತ್ತದೆ.

ಇಂತಿ,
ಕೀರ್ತುವಿನ ಅಮ್ಮ,
ಮೋಹಿನಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೇ ಉಳಿಸಿಕೊಂಡದ್ದು. ಶನಿವಾರ ಬೆಳಿಗ್ಗೆ ನೀವು ಟೆಂಟು ಬಿಚ್ಚುತ್ತಿದ್ದಾಗ ಅಜ್ಜ ಗುಡಿಸಲೆಂದು ಆ ಬಾಗಿಲು ತೆರೆಯಲು ಬಂದರು. ನಾನು ಹಿಂದೆಯೇ ಹೋದೆ. ಬಡಿಯಬೇಕೆಂದು ಕೈ ಎತ್ತಿದೆ, ನನ್ನಿಂದಲೂ ಆಗಲಿಲ್ಲ. ಅಜ್ಜ ಬೀಗ ತೆಗೆದು, ಹೊಸ್ತಿಲಲ್ಲಿ ನಿಂತು, ಆ ಖಾಲಿ ಕೋಣೆಗೆ ಗಟ್ಟಿಯಾಗಿ ಸಲಾಂ ಹೇಳಿ ಒಳಗೆ ಕಾಲಿಟ್ಟರು. ಖಾಲಿ ಮನೆಗೂ ಹಾಗೆ ಹೇಳಿಯೇ ಹೋಗುವುದಂತೆ. ಅವನು ಆಗ ಎದ್ದು ಹೋಗಿರಬೇಕು. ಪೇಪರ್ ತಟ್ಟೆಯನ್ನು ನನ್ನ ಶಾಲಿನೊಳಗೆ ಮುಚ್ಚಿ ತಂದೆ. ಒಂದು ತುಂಡು ನಾನು ತಿಂದೆ. ಖಾರ ಒಂದಿಷ್ಟೂ ಇರಲಿಲ್ಲ. ಇನ್ನೊಂದು ತುಂಡು ಇಲ್ಲಿ ಫ್ರೀಜರಿನಲ್ಲಿದೆ, ಅದು ನಿಮ್ಮ ಪಾಲು. ಗುರುವಾರದ ಒಳಗೆ ಬನ್ನಿ, ಕೀರ್ತುವಿನ ಪಪ್ಪಾ. ಬಡಿಸಿದ್ದನ್ನು ಮನೆಯವರೆಲ್ಲ ಹಂಚಿ ತಿನ್ನಬೇಕು. ಅದಕ್ಕೆ ಕ್ರಮ ಉಂಟು.