ಗಂಟೆ ಕಟ್ಟಿದ ಸ್ಕೂಟರ್

ದೊಡ್ಡಕ್ಕಾ,

ಈ ಹೊಸ ಸೀಮೆಯಲ್ಲಿ ಇಂದು ಬೆಳಿಗ್ಗೆ ಕೊಳ್ಳೇಗಾಲದ ಬಸ್ಸು ತಪ್ಪಿತು. ಶಾಗ್ಯದಲ್ಲಿ ನನ್ನ ಪಕ್ಕದ ಮನೆಯ ದೊಡ್ಡಬಸಮ್ಮ ರೇಷ್ಮೆಗೂಡು ಮಾರಲು ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಕೊಳ್ಳೇಗಾಲಕ್ಕೆ ಹೊರಟಿದ್ದಳು, ನನ್ನನ್ನೂ ಹತ್ತಿಸಿಕೊಂಡಳು. ಸದ್ದಿಲ್ಲದ ಗಾಡಿಗೆ ದನಗಳು ದಾರಿ ಬಿಡುವುದಿಲ್ಲವೆಂದು ಅದಕ್ಕೆ ಹಸುವಿನ ಗಂಟೆ ಕಟ್ಟಿದ್ದಾಳೆ. ತೊಡೆಯ ಮೇಲೆ ಗೂಡಿನ ಹಗುರ ಮೂಟೆ, ಎರಡೂ ಕಡೆ ಮಂಜು, ನಡುವೆ ಆ ಗಂಟೆಯ ದನಿ. ನೆಲಕ್ಕೆ ತಾಗದೆ ಹೋಗುತ್ತಿದ್ದೇವೆ ಅನ್ನಿಸುತ್ತಿತ್ತು.

ಪೇಟೆಯ ಹತ್ತಿರ ಪೊಲೀಸರೊಬ್ಬರು ತಡೆದರು. "ನಂಬರ್ ಪ್ಲೇಟ್ ಎಲ್ಲಮ್ಮ?"

"ಗಂಟ್ಗೆ ಇಪ್ಪತ್ತೈದು ಕಿಲೋಮೀಟ್ರ ಮ್ಯಾಕೆ ಓಡದ ಗಾಡಿಗೆ ನಂಬರ್ ಬ್ಯಾಡ ಸಾ. ಬುಡಿ, ಅರಾಜು ತಪ್ಪುದ್ರೆ ಗೂಡು ಕೇಳೋರಿಲ್ಲ."

"ಓಡ್ಸು, ನೋಡಾವ," ಎಂದು ಅವರು ಬೈಕಿನಲ್ಲಿ ಪಕ್ಕಕ್ಕೇ ಬಂದರು. ನಾನು ಇಳಿಯಲು ಹೋದೆ. "ಕೂತ್ಕಳಿ ಅಕ್ಕೋರೆ, ನೀವಿದ್ರೆ ಇನ್ನೂ ನಿಧಾನ ಓಯ್ತದೆ," ಎಂದಳು. ಏರಿನಲ್ಲಿ ನಾವು ತೆವಳಿದೆವು. ಅಷ್ಟು ನಿಧಾನ ಒಗ್ಗದೆ ಅವರ ಬೈಕು ತೂರಾಡಿ ನಿಂತೇ ಹೋಯಿತು.

"ಓಗವ್ವ, ನಿನ್ ಜೊತೆ ಬಂದ್ರೆ ನಾನೇ ಬೀಳ್ತೀನಿ," ಎಂದು ಕೈ ಬೀಸಿದರು.

ಮಂಡಿನೋವು ಕಡಿಮೆಯಿದೆ, ಚಿಂತೆ ಬೇಡ. ಇದನ್ನು ಗೂಡಿನ ಮಾರುಕಟ್ಟೆಯಲ್ಲೇ ಕೂತು ಬರೆಯುತ್ತಿದ್ದೇನೆ. ಹರಾಜು ಶುರುವಾಯಿತು; ಅವಳ ಗೂಡನ್ನು ಈಗಷ್ಟೇ ಸುರಿದಿದ್ದಾರೆ. ಹೋಗಿ ಅವಳ ಪಕ್ಕ ನಿಲ್ಲುತ್ತೇನೆ.

ಮಾಲಿನಿ