ಅಕ್ಕನ ಕಿಟಕಿಯ ಕೊಳ

ಮಾರ್ಚ್ 3, ಬೆಳಿಗ್ಗೆ 7
ಗುಂಡಿ ಮೊಣಕಾಲುದ್ದ ಆಯಿತು. ಅಂಗೈ ತುಂಬ ಬೊಬ್ಬೆ. ಭಾವ ಹಿತ್ತಲ ಬಾಗಿಲಲ್ಲಿ ಕಾಫಿ ಹೀರುತ್ತಾ ನಿಂತು, "ಬಾವಿ ತೋಡ್ತಿದ್ಯೇನಮ್ಮ?" ಅಂದರು. ಕೊಳ! ನೂರು ಸಲ ಹೇಳಿದ್ದೇನೆ. ಹೆಂಡತಿ ಸೊಂಟ ಮುರಿದುಕೊಂಡು ಮಲಗಿದ್ದಾಳೆ, ಈ ಮನುಷ್ಯನಿಗೆ ತಮಾಷೆ. ದಿನಾ ಸಂಜೆ ಕೆರೆ ಸುತ್ತಿ ಬರದಿದ್ದರೆ ಊಟ ಸೇರದ ಅಕ್ಕ. ಇನ್ನೂ ಎರಡು ತಿಂಗಳು ಎದ್ದು ಕೂರುವಂತೆಯೂ ಇಲ್ಲ. ಅವಳು ನೀರಿನ ಹತ್ತಿರ ಹೋಗಲಾಗದಿದ್ದರೆ ನೀರೇ ಅವಳ ಕಿಟಕಿಗೆ ಬರಲಿ.

ಮಾರ್ಚ್ 5
ಗಾರೆ ಕೆಲಸದವನು ಬಂದ. ಜಾಗ ಸರಿಯಿಲ್ಲವಂತೆ, ಗೋಡೆಗೆ ತೇವ ಹಿಡಿಯುತ್ತದಂತೆ. "ಮೂವತ್ತು ವರ್ಷ ಬಟ್ಟೆ ಹೊಲಿದಿದೀನಿ ಕಣಪ್ಪ, ಅಳತೆ ನಂಗೆ ಹೇಳ್ಕೊಡಬೇಡ" ಅಂದೆ. ಅಕ್ಕನ ಕೋಣೆಯಲ್ಲಿ ನಿಂತು, ಕಿಟಕಿಯಿಂದ ನೋಡಿಯೇ ಗುರುತು ಹಾಕಿದ್ದು. ಕೊನೆಗೆ ನಾನು ಹೇಳಿದಲ್ಲೇ ಇಟ್ಟಿಗೆ ಜೋಡಿಸಿದ.

ಮಾರ್ಚ್ 11
ಪ್ಲಾಸ್ಟಿಕ್ ಶೀಟು ಹಾಸಿ ನೀರು ಬಿಟ್ಟೆವು. ಬೆಳಗಾಗುವುದರಲ್ಲಿ ಅರ್ಧ ಖಾಲಿ! ಅಂಗಡಿಯವನಿಗೆ ಫೋನ್ ಮಾಡಿ ಜಾಡಿಸಿದೆ. "ಏನೋ ಚುಚ್ಚಿರ್ಬೇಕು ಮೇಡಂ" ಅಂತಾನೆ. ಚುಚ್ಚಿರಬೇಕಂತೆ! ಮರಳು ಜರಡಿ ಹಿಡಿದು ಹಾಕಿದವಳು ನಾನು...
ಹುಡುಕಿದಾಗ ಸಿಕ್ಕಿದ್ದು ಗುಂಡುಸೂಜಿ. ನನ್ನದೇ. ಯಾರಿಗೂ ಹೇಳಿಲ್ಲ.

ಮಾರ್ಚ್ 14
ನೀರು ನಿಂತಿತು. ಐದು ಮೀನು, ಎರಡು ತಾವರೆ ಗಡ್ಡೆ. "ಕಾಣತ್ತಾ ಅಕ್ಕ?" ಅಂದೆ. ಕತ್ತು ಹೊರಳಿಸಿ, "ಎಷ್ಟು ಚೆನ್ನಾಗಿದ್ಯೇ!" ಅಂದಳು. ಭಾವ ಒಮ್ಮೆ ಕಿಟಕಿಯತ್ತ, ಒಮ್ಮೆ ಅಕ್ಕನತ್ತ ನೋಡಿ ಹೊರಗೆ ಹೋದರು. ಹೊಟ್ಟೆಯುರಿ.

ಮಾರ್ಚ್ 20
ಮೀನೊಂದು ಮಾಯ. ಪಕ್ಕದ ಮನೆಯ ಬೆಕ್ಕಿನದೇ ಕೆಲಸ. ಆ ಮನೆಯಾಕೆಗೆ ಹೇಳಿದರೆ, "ಮೀನು ಇಟ್ಟಿದ್ಯಾರು?" ಅನ್ನುತ್ತಾಳೆ! ಅಕ್ಕನ ಹತ್ತಿರ ಹೋಗಿ ಕೂಗಾಡಿದೆ. "ಕೆಂಪು ಮೀನಾ, ಬಿಳೀದಾ?" ಅಂತ ಕೇಳಿದಳು. ಕಣ್ಣೆದುರೇ ಇದೆ, ನೋಡಬಾರದೇ?

ಮಾರ್ಚ್ 26, ಮಧ್ಯಾಹ್ನ
ಅಕ್ಕನನ್ನು ಎಕ್ಸ್-ರೇಗೆ ಕರೆದೊಯ್ದರು. ಅವಳ ಹಾಸಿಗೆ ಬದಲಿಸಿದೆ. ಬೆನ್ನು ಹಿಡಿದುಕೊಂಡಿತ್ತು, ಅಲ್ಲೇ ಒಂದು ಗಳಿಗೆ ಮಲಗಿದೆ.
ಕಿಟಕಿಯಲ್ಲಿ ಹಿಂದಿನ ಮನೆಯ ನೀರಿನ ಟ್ಯಾಂಕು. ಒಂದು ತುಂಡು ಆಕಾಶ. ಅಷ್ಟೇ. ಕೊಳವೇ ಇಲ್ಲ!
ಮೂವತ್ತು ವರ್ಷ ಎಲ್ಲರನ್ನೂ ನಿಲ್ಲಿಸಿಯೇ ಅಳತೆ ತೆಗೆದವಳು. ಮಲಗಿದವಳ ಕಣ್ಣು ಕಿಟಕಿಗಿಂತ ಕೆಳಗಿರುತ್ತದೆ ಅಂತ ಹೊಳೆಯಲೇ ಇಲ್ಲ. ಭಾವನಿಗೆ ಗೊತ್ತಿತ್ತು. ಗಂಡ ಹೆಂಡತಿ ಸೇರಿ ನನ್ನನ್ನು ಪೆದ್ದಿ ಮಾಡಿದರು. ಮೈಯೆಲ್ಲ ಉರಿಯುತ್ತಿದೆ.

ಸಂಜೆ 6
ಅಕ್ಕನನ್ನು ಮಂಚಕ್ಕೆ ಇಳಿಸುವಷ್ಟರಲ್ಲೇ ಶುರು ಮಾಡಿದೆ. "ಹನ್ನೆರಡು ದಿನ ಸುಳ್ಳು ಹೇಳಿದ್ಯಲ್ಲಕ್ಕ!"
"ಸುಳ್ಳೆಲ್ಲಿ ಬಂತು? ದಿನಾ ಬಂದು ಬೆಕ್ಕಿಗೆ, ಪಾಚಿಗೆ, ನಿಮ್ ಭಾವಂಗೆ ಬೈತಿದ್ಯಲ್ಲ... ನಂಗೆಲ್ಲಾ ಕಾಣ್ತಿತ್ತು. ಇವತ್ತಿಂದು ಇನ್ನೂ ಹೇಳೇ ಇಲ್ಲ ನೀನು."
ಬೈಯಲು ಬಾಯಿ ತೆಗೆದೆ. ಕುರ್ಚಿ ಎಳೆದುಕೊಂಡು ಕೂತೆ.
"ಒಂದು ಕಪ್ಪೆ ಬಂದಿದೆ ಕಣಕ್ಕ," ಅಂದೆ. "ಏನದರ ಸೊಕ್ಕು ಅಂತೀಯ, ನೇರ ತಾವರೆ ಎಲೆ ಮೇಲೇ ಹತ್ತಿ—"